ಕಾಲು ಮುರಿದ ಮಾವಳೆ

“ಮಾಮಾ, ಇವನ ಕಾಲು ಮತ್ತ ಮುರದಾವ ನೋಡ್ರಿ.”

ಮಹಾರಾಷ್ಟ್ರದ ಗಡಿಯೂರು ದುಧನಿಯಲ್ಲಿ ಅಕ್ಕನ ಮಗಳು ಹಳೆ ಬಿಸ್ಕೀಟಿನ ಡಬ್ಬಿಯಿಂದ ಶಿವಾಜಿಯ ಸೈನಿಕನ ಗೊಂಬೆ, ಮಾವಳೆಯೊಬ್ಬನನ್ನು ತೆಗೆದು ನನ್ನ ಅಂಗೈ ಮೇಲಿಟ್ಟಳು. ತಲೆಗೆ ಕೆಂಪು ಮುಂಡಾಸು, ಕೈಯಲ್ಲಿ ಭರ್ಚಿ. ಹರಡಿನ ಕೆಳಗೆ ಮಾತ್ರ ಏನೂ ಇಲ್ಲ. ಹೋದ ವರ್ಷ ಫೆವಿಕ್ವಿಕ್ ಹಾಕಿ ನಾನೇ ಅಂಟಿಸಿಕೊಟ್ಟಿದ್ದೆ. ಸರಿಯಾಗಿ ಅದೇ ಜಾಗದಲ್ಲಿ ಮುರಿದಿತ್ತು.

ದೀಪಾವಳಿ ಬಂತೆಂದರೆ ಮಹಾರಾಷ್ಟ್ರದಲ್ಲಿ ಮಕ್ಕಳು ಮನೆ ಮುಂದೆ ಮಣ್ಣಿನ ಕಿಲ್ಲಾ, ಅಂದರೆ ಕೋಟೆ, ಕಟ್ಟುತ್ತಾರೆ. ಗಡಿಯ ಕನ್ನಡ ಮನೆಗಳ ಅಂಗಳಕ್ಕೂ ಈ ಆಟ ಬಂದಿದೆ. ತುದಿಯಲ್ಲಿ ಸಿಂಹಾಸನದ ಮೇಲೆ ಶಿವಾಜಿ ಮಹಾರಾಜ, ಬುರುಜು ಬುರುಜಿಗೂ ಮಾವಳೆ ಸೈನಿಕರು, ಇಳಿಜಾರಿನಲ್ಲಿ ಸಾಸಿವೆ ಬಿತ್ತಿ ಬೆಳೆಸಿದ ಹಸಿರು. ಹಬ್ಬ ಮುಗಿದ ಮೇಲೆ ಸೈನ್ಯವೆಲ್ಲ ಡಬ್ಬಿ ಸೇರುತ್ತದೆ. ಮರುವರ್ಷ ಡಬ್ಬಿ ತೆಗೆದರೆ ಅರ್ಧ ಸೈನ್ಯಕ್ಕೆ ಕಾಲಿಲ್ಲ. ಯಾಕೆ ಯಾವಾಗಲೂ ಕಾಲೇ?

ಗೊಂಬೆಯ ಮುರಿದ ಜಾಗವನ್ನು ಉಗುರಿನಿಂದ ಕೆರೆದು ನೋಡಿ. ಕೆಂಪಗಿದ್ದರೆ ಸುಟ್ಟ ಮಣ್ಣು. ಬಿಳಿ ಹಿಟ್ಟು ಉದುರಿದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಜಿಪ್ಸಂ ಎಂಬ ಖನಿಜವನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುರಿದರೆ ತನ್ನೊಳಗಿನ ನೀರಿನ ಮುಕ್ಕಾಲು ಪಾಲನ್ನು ಬಿಟ್ಟು ಈ ಪುಡಿಯಾಗುತ್ತದೆ. ಪುಡಿಗೆ ನೀರು ಬೆರೆಸಿದೊಡನೆ ಕಳೆದುಕೊಂಡ ನೀರನ್ನು ಮರಳಿ ಹೀರಿ, ಬಿಸಿಯೇರಿ, ಸೂಜಿಯಂಥ ಹರಳುಗಳಾಗಿ ಒಂದರೊಳಗೊಂದು ಹೆಣೆದುಕೊಳ್ಳುತ್ತದೆ. ಗಟ್ಟಿಯಾಗುವಾಗ ಕೂದಲೆಳೆಯಷ್ಟು ಹಿಗ್ಗುವುದರಿಂದ ಅಚ್ಚಿನ ಮೂಲೆ ಮೂಲೆಗೂ ತುಂಬಿ, ಮಾವಳೆಯ ಮೀಸೆಯ ಗೆರೆಯೂ ಮೂಡುತ್ತದೆ. ಆದರೆ ಆ ಹರಳುಗಳ ನಡುವೆ ಲೆಕ್ಕವಿಲ್ಲದಷ್ಟು ಸಣ್ಣ ಸಂದುಗಳು ಉಳಿಯುತ್ತವೆ. ಗೊಂಬೆಯ ಕಾಲು ಮುರಿಯುವ ಕತೆ ಶುರುವಾಗುವುದು ಅಲ್ಲಿಂದ.

ಕಿಲ್ಲಾಕ್ಕೆ ಮಕ್ಕಳು ದಿನಾ ನೀರು ಚಿಮುಕಿಸುತ್ತಾರೆ, ಸಾಸಿವೆ ಮೊಳೆಯಬೇಕಲ್ಲ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಗೊಂಬೆಯ ಪಾದ ಆ ತೇವವನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಒದ್ದೆಯಾದ ಜಿಪ್ಸಂ ಒಣಗಿದ್ದಾಗಿನ ಬಲದಲ್ಲಿ ಸುಮಾರು ಅರ್ಧವನ್ನೇ ಕಳೆದುಕೊಳ್ಳುತ್ತದೆ. ಜೊತೆಗೆ ನಮ್ಮದು ಎರಿಮಣ್ಣು. ಇದರಲ್ಲಿರುವ ಮಾಂಟ್ಮೊರಿಲೊನೈಟ್ ಎಂಬ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯ ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಮಣ್ಣೇ ಹಬ್ಬ ಮುಗಿಯುವ ಹೊತ್ತಿಗೆ ಮಾವಳೆಯ ಪಾದವನ್ನು ಕಚ್ಚಿ ಹಿಡಿದಿರುತ್ತದೆ. ಮಗು ತಲೆ ಹಿಡಿದು ಎಳೆದರೆ ಬಾಗುವ ಬಲವೆಲ್ಲ ಅತಿ ಸಣ್ಣ ಜಾಗಕ್ಕೆ, ಹರಡಿಗೆ, ಬೀಳುತ್ತದೆ. ಪಾದ ಮಣ್ಣಿನಲ್ಲೇ ಉಳಿಯುತ್ತದೆ.

ನನ್ನ ಫೆವಿಕ್ವಿಕ್ ಸೋತಿದ್ದೂ ಪ್ಲಾಸ್ಟರಿನ ಆ ಸಂದುಗಳಿಂದಲೇ. ಅದರೊಳಗಿನ ಸಯನೋಆಕ್ರಿಲೇಟ್ ಗಾಳಿಯ ಮತ್ತು ಮೇಲ್ಮೈಯ ತೇವ ತಗುಲಿದೊಡನೆ ಸರಪಳಿಯಾಗಿ ಬೆಸೆದುಕೊಳ್ಳುವ ರಾಸಾಯನಿಕ. ನುಣುಪಾದ ಮೇಲ್ಮೈಯಲ್ಲಿ ತೆಳುವಾಗಿ ಹರಡಿದರೆ ಗಟ್ಟಿ ಹಿಡಿತ. ಸಂದುಗಳ ಪ್ಲಾಸ್ಟರ್‌ನಲ್ಲಿ ಮಾತ್ರ ಅಂಟು ಒಳಗೆ ಇಂಗಿಹೋಗಿ, ಕೂಡಬೇಕಾದ ಜಾಗದಲ್ಲಿ ಏನೂ ಉಳಿಯುವುದಿಲ್ಲ. ಉಳಿದರೂ ಅದು ಗಾಜಿನಂತೆ, ಒಂದು ಪೆಟ್ಟಿಗೆ ಸಿಡಿಯುತ್ತದೆ.

ಈ ಸಲ ಬೇರೆ ದಾರಿ ಹಿಡಿದೆವು. ಗೊಂಬೆಯನ್ನು ಎರಡು ದಿನ ನೆರಳಲ್ಲಿ ಒಣಗಿಸಿ, ನೀರು ಬೆರೆಸಿದ ಫೆವಿಕಾಲ್ ಸವರಿ ಸಂದು ಮುಚ್ಚಿದೆವು. ದಬ್ಬಳವನ್ನು ಬೆರಳಲ್ಲೇ ತಿರುಗಿಸುತ್ತ ಎರಡೂ ಕಾಲಿಗೆ ತೂತು ಕೊರೆದು ತಾಮ್ರದ ತಂತಿ ತೂರಿಸಿದೆವು. ಮುರಿದ ಪಾದದ ಬದಲು ಎಂ-ಸೀಲ್. ಎರಡು ಬಣ್ಣದ ಕಣಕವನ್ನು ಸಮನಾಗಿ ತೆಗೆದುಕೊಂಡು ಒಂದೇ ಬಣ್ಣ ಬರುವ ತನಕ ನಾದಬೇಕು. ಇದು ಒಣಗಿ ಗಟ್ಟಿಯಾಗುವ ವಸ್ತುವಲ್ಲ, ಎರಡು ರಾಸಾಯನಿಕಗಳು ಕೂಡಿ ಮೂರನೆಯದಾಗುವ ವಸ್ತು. ಹೀಗಾಗಿ ಹೆಚ್ಚು ಕುಗ್ಗುವುದೂ ಇಲ್ಲ. ಕೊಪ್ಪಳದ ಹತ್ತಿರ ಕಿನ್ನಾಳದಲ್ಲಿ ಗೊಂಬೆ ಮಾಡುವ ಚಿತ್ರಗಾರರು ಇಂಥದೇ ಕೆಲಸಕ್ಕೆ ಹುಣಸೆ ಬೀಜದ ಅಂಟು ಮತ್ತು ಕಟ್ಟಿಗೆ ಹೊಟ್ಟು ಬಳಸುತ್ತ ಬಂದವರು. ಆ ಅಂಟು ನೀರಿಗೆ ಮೆತ್ತಗಾಗಿ ಬಿಡಿಸಿಕೊಳ್ಳುವ ಗುಣದ್ದು. ಬೆಲೆಬಾಳುವ ಹಳೆಯ ಗೊಂಬೆಯಾಗಿದ್ದರೆ ನಾನು ಅದನ್ನೇ ಆರಿಸುತ್ತಿದ್ದೆ, ಮುಂದೆ ರಿಪೇರಿ ಮಾಡುವವರಿಗೂ ದಾರಿ ಉಳಿಯಬೇಕು.

ಆದರೆ ಅಂಟಿಗಿಂತ ಪೀಠ ಮುಖ್ಯ, ಆಟಿಕೆ ಸೈನ್ಯ ಕಟ್ಟುವವರಿಗೆ ಇದು ಗೊತ್ತು. ಇಂಗ್ಲೆಂಡಿನಲ್ಲಿ ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಪುಸ್ತಕ ಬರೆದು ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮ ಕೊಟ್ಟರು. ಅದೇ ಬಗೆಯ, 1983ರಲ್ಲಿ ಬಂದ ವಾರ್‌ಹ್ಯಾಮರ್ ಆಟದವರು ರಾಕ್ಷಸ, ಕುಬ್ಜರ ಪುಟ್ಟ ಗೊಂಬೆಗಳನ್ನು ಇವತ್ತಿಗೂ ಹಳೆ ಪೀಠದಿಂದ ಬಿಡಿಸಿ ಹೊಸದಕ್ಕೆ ಕೂರಿಸುತ್ತಾರೆ. ಬಿಳಿ ಹಿಟ್ಟೆಲ್ಲ ಪ್ಲಾಸ್ಟರ್ ಅಲ್ಲ, ಹಳೆಯ ಸೀಸದ ಗೊಂಬೆಗಳ ಮೇಲೆ ಅದು ಕಂಡರೆ ಅವರಿಗೆ ಎದೆ ಧಸಕ್ಕೆನ್ನುತ್ತದೆ. ಕಟ್ಟಿಗೆಯ ಕಪಾಟು ಹೊರಸೂಸುವ ಅಸಿಟಿಕ್ ಆಮ್ಲ ಸೀಸವನ್ನು ತಿಂದು ಮಾಡಿದ ಸೀಸದ ಕಾರ್ಬೊನೇಟ್ ಅದು. ವಿಷವದು, ಮಕ್ಕಳ ಕೈಗೆ ಕೊಡಬಾರದು, ಕೆರೆದು ಧೂಳೆಬ್ಬಿಸಲೂ ಬಾರದು.

ನಮ್ಮ ಮಾವಳೆಗೆ ಪೀಠವಾಗಿ ಸಿಕ್ಕಿದ್ದು ಹಿತ್ತಲಿನಲ್ಲಿ ಬಿದ್ದಿದ್ದ ಶಹಾಬಾದ್ ಫರಸಿಯ ತುಂಡು. ದುಧನಿಯಿಂದ ಕಲಬುರಗಿ ದಾಟಿ ಹೋಗುವ ರೈಲುದಾರಿಯಲ್ಲೇ ಇರುವ ಊರಿನ ಸುಣ್ಣಗಲ್ಲು ಅದು. ಒತ್ತಾದ ಕಣದ ಕಲ್ಲು, ತೇವ ಸುಲಭಕ್ಕೆ ಏರುವುದಿಲ್ಲ. 10 ಸೆಂ.ಮೀ. ಎತ್ತರದ ಗೊಂಬೆಯ ಗುರುತ್ವ ಕೇಂದ್ರ 5 ಸೆಂ.ಮೀ. ಮೇಲಿದ್ದು, ನೆಲೆ 4 ಸೆಂ.ಮೀ. ಅಗಲವಿದ್ದರೆ ಸುಮಾರು 22 ಡಿಗ್ರಿ ವಾಲಿದೊಡನೆ ಉರುಳುತ್ತದೆ. ಅದನ್ನೇ 6 ಸೆಂ.ಮೀ. ಚೌಕದ, ಒಂದು ಸೆಂ.ಮೀ. ದಪ್ಪದ, ಗೊಂಬೆಯಷ್ಟೇ ತೂಕದ ಕಲ್ಲಿಗೆ ಕೂರಿಸಿದರೆ ಗುರುತ್ವ ಕೇಂದ್ರ ಸುಮಾರು 3.25 ಸೆಂ.ಮೀ.ಗೆ ಇಳಿಯುತ್ತದೆ. ಆಗ 43 ಡಿಗ್ರಿಯ ಹತ್ತಿರ ವಾಲುವ ತನಕ ಬೀಳುವುದಿಲ್ಲ.

ಹುಡುಗಿ ಲೆಕ್ಕ ಕೇಳಿಸಿಕೊಳ್ಳಲಿಲ್ಲ. ಬೆರಳಿನಿಂದ ಮಾವಳೆಯ ಎದೆಗೆ ತಳ್ಳಿದಳು, ವಾಲಿ ಮತ್ತೆ ನೆಟ್ಟಗಾದ. ಇನ್ನೊಮ್ಮೆ ತಳ್ಳಿದಳು. ಆಮೇಲೆ ಡಬ್ಬಿಯನ್ನೇ ನನ್ನ ಮುಂದೆ ಬೋರಲು ಹಾಕಿದಳು. ಕಾಲಿಲ್ಲದವರು ಇನ್ನೂ ಹನ್ನೊಂದು ಮಂದಿ.