ತಂದೆ-ತಾಯಿ ತೀರಿಕೊಂಡಾಗ ಒಪ್ಪಿಕೊಂಡ ಕೆಲಸ ಏನಾಗಬೇಕು?



ಸೊಲ್ಲಾಪುರ, ಅಕ್ಕಲಕೋಟೆ, ದುಧನಿ, ಮೈಂದರ್ಗಿ, ಜತ್ತ ಕಡೆಯ ಸದಸ್ಯರು ನಮ್ಮ ಸಭೆಗಳಲ್ಲಿ ಮತ್ತೆ ಮತ್ತೆ ಕೇಳುವ ಒಂದು ಪ್ರಶ್ನೆ ಇದೆ. ರಾಜ್ಯೋತ್ಸವಕ್ಕೋ ಬಸವ ಜಯಂತಿಗೋ ಇನ್ನು ನಾಲ್ಕು ದಿನ ಉಳಿದಿರುತ್ತದೆ. ಸಭಾಗೃಹಕ್ಕೆ ಮುಂಗಡ ಕೊಟ್ಟಾಗಿದೆ, ಕನ್ನಡ ಶಾಲೆಯ ಮಕ್ಕಳು ಹಾಡು, ನಾಟಕ ಕಲಿತು ನಿಂತಿದ್ದಾರೆ, ಅತಿಥಿಗಳಿಗೆ ಪತ್ರ ಹೋಗಿದೆ. ಅಷ್ಟರಲ್ಲಿ ಹೊಣೆ ಹೊತ್ತವರ ತಂದೆಯೋ ತಾಯಿಯೋ ತೀರಿಕೊಳ್ಳುತ್ತಾರೆ. ಅವರು ಕಾರ್ಯಕ್ರಮಕ್ಕೆ ಬಂದರೆ “ಅಪ್ಪ ಹೋಗಿ ಎಂಟು ದಿನ ಆಗಿಲ್ಲ, ಸ್ಟೇಜ್ ಮ್ಯಾಲ ನಿಂತಾನ ನೋಡ್ರಿ” ಎನ್ನುವವರಿದ್ದಾರೆ. ಬರದಿದ್ದರೆ “ಹೊಣೆ ತಗೊಂಡು ಕೈಬಿಟ್ಟ” ಎನ್ನುವವರೂ ಇದ್ದಾರೆ. ಇಂಥ ಹೊತ್ತಿನಲ್ಲಿ ಸರಿ ಯಾವುದು, ಸಂಘ ಏನು ಮಾಡಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ನಮ್ಮೂರಿನ ಡಾಕ್ಟರ್ ಕೋಟ್ನೀಸ್

ಈ ಪ್ರಶ್ನೆಗೆ ಸೊಲ್ಲಾಪುರದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಭೈಯಾ ಚೌಕದ ಹತ್ತಿರ ಡಾ. ದ್ವಾರಕಾನಾಥ ಕೋಟ್ನೀಸರ ಮನೆ ಈಗ ಸ್ಮಾರಕವಾಗಿದೆ. ನಮ್ಮಲ್ಲಿ ಹಲವರು ಅದರ ಮುಂದೆ ದಿನಾ ಓಡಾಡುತ್ತೇವೆ. ಅವರು ಹುಟ್ಟಿದ್ದು 10 ಅಕ್ಟೋಬರ್ 1910ರಂದು, ಇದೇ ಸೊಲ್ಲಾಪುರದಲ್ಲಿ. ಮುಂಬಯಿಯ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಓದಿ ವೈದ್ಯರಾದರು. ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ ನೆರವಾಗಲು ಕಾಂಗ್ರೆಸ್ 1938ರಲ್ಲಿ ಐವರು ವೈದ್ಯರ ತಂಡವನ್ನು ಕಳಿಸಿತು. ಆಗ ಸುಭಾಷ್‌ಚಂದ್ರ ಬೋಸ್ ಕಾಂಗ್ರೆಸ್ಸಿನ ಅಧ್ಯಕ್ಷರು. ಡಾ. ಅಟಲ್, ಡಾ. ಚೋಳ್ಕರ್, ಡಾ. ಬಸು, ಡಾ. ಮುಖರ್ಜಿ ಅವರ ಜೊತೆಗೆ ನಮ್ಮೂರಿನ ಕೋಟ್ನೀಸರೂ ಹೊರಟರು. ಆಗ ಅವರಿಗೆ ಇನ್ನೂ 28 ತುಂಬಿರಲಿಲ್ಲ.

1939ರ ಜನವರಿಯಲ್ಲಿ ತಂಡ ಚೊಂಗ್‌ಚಿಂಗ್ ನಗರದಲ್ಲಿತ್ತು. ಅಲ್ಲಿಂದ ಯೆನಾನ್‌ಗೆ ಹೊರಡುವ ಸಿದ್ಧತೆ ನಡೆದಿದ್ದಾಗ ತಂದೆ ತೀರಿಕೊಂಡ ಸುದ್ದಿ ಬಂತು. ಊರಿಗೆ ಹೋಗಿ ಬಾ ಎಂದು ಸಂಗಡಿಗರೇ ಹೇಳಿದರು. ಕೋಟ್ನೀಸರು ಹೋಗಲಿಲ್ಲ. ಮುಂದೆ ಯುದ್ಧಭೂಮಿಯ ಹತ್ತಿರವೇ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1941ರಲ್ಲಿ ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾದರು. 9 ಡಿಸೆಂಬರ್ 1942ರಂದು, 32ನೆಯ ವಯಸ್ಸಿನಲ್ಲಿ, ಚೀನಾದಲ್ಲೇ ತೀರಿಕೊಂಡರು. ಉಳಿದ ನಾಲ್ವರು ತಾಯ್ನಾಡಿಗೆ ಮರಳಿದರು.

ಈ ಕಥೆಯನ್ನು ಭಾಷಣಗಳಲ್ಲಿ ತ್ಯಾಗದ ಕಥೆಯಾಗಿ ಹೇಳುತ್ತೇವೆ. ಅದು ನಿಜವೇ. ಆದರೆ ಅದರ ಜೊತೆಗೆ ಇನ್ನೆರಡು ಸಂಗತಿಗಳನ್ನೂ ನೋಡಬೇಕು. ಒಂದು, ಅಲ್ಲಿ ಅವರ ಜಾಗಕ್ಕೆ ಬೇರೊಬ್ಬ ಸರ್ಜನ್ ಸಿದ್ಧರಿರಲಿಲ್ಲ. ಆಗಿನ ದಿನಗಳಲ್ಲಿ ಹಡಗಿನಲ್ಲಿ ಬಂದು ಮತ್ತೆ ಹೋಗುವುದೆಂದರೆ ತಿಂಗಳುಗಳ ಮಾತು. ಎರಡು, ಇಲ್ಲಿ ಮನೆ ಬರಿದಾಗಿರಲಿಲ್ಲ. ಅಣ್ಣ-ತಮ್ಮ, ಅಕ್ಕ-ತಂಗಿಯರಿದ್ದ ದೊಡ್ಡ ಕುಟುಂಬ ಅದು. ಅವರಲ್ಲಿ ಮಂಗೇಶ ಕೋಟ್ನೀಸರು ಮುಂದೆ ತಮ್ಮ ಸಹೋದರನ ಜೀವನಚರಿತ್ರೆಯನ್ನೂ ಬರೆದರು. ಮನೆಯಲ್ಲಿ ಜನ ಇದ್ದದ್ದರಿಂದ ದೂರದಲ್ಲಿದ್ದ ಮಗ ದೂರದಲ್ಲೇ ಇರುವುದು ಸಾಧ್ಯವಾಯಿತು. ಕೆಲಸ ಮುಂದುವರಿಸಿದವರನ್ನು ಹೊಗಳುವಾಗ ಮನೆಯ ಭಾರ ಹೊತ್ತವರನ್ನೂ ನೆನೆಯುವುದು ನ್ಯಾಯ.

ಮೂವರು ಆಟಗಾರರು, ಮೂರು ದಾರಿ

ನಮ್ಮ ಕಾಲದ ಉದಾಹರಣೆಗಳೂ ಇವೆ. 1999ರ ವಿಶ್ವಕಪ್ ಇಂಗ್ಲೆಂಡಿನಲ್ಲಿ ನಡೆದಿದ್ದಾಗ ಸಚಿನ್ ತೆಂಡೂಲ್ಕರರ ತಂದೆ, ಮರಾಠಿ ಕವಿ ರಮೇಶ ತೆಂಡೂಲ್ಕರ್ ತೀರಿಕೊಂಡರು. ಸಚಿನ್ ಮುಂಬಯಿಗೆ ಬಂದರು, ತಂದೆಗೆ ಮಾಡಬೇಕಾದದ್ದನ್ನು ಮಾಡಿದರು. ಜಿಂಬಾಬ್ವೆ ಎದುರಿನ ಆಟ ಅವರಿಲ್ಲದೆಯೇ ನಡೆಯಿತು, ಭಾರತ ಮೂರು ರನ್ನಿನಿಂದ ಸೋತಿತು. ಬಳಿಕ ತಾಯಿಯ ಒತ್ತಾಯದ ಮೇಲೆ ಹಿಂದಿರುಗಿ, 23 ಮೇ ರಂದು ಕೀನ್ಯಾ ಎದುರು ಔಟಾಗದೆ 140 ರನ್ ಮಾಡಿದರು.

2006ರ ಡಿಸೆಂಬರ್‌ನಲ್ಲಿ ದೆಹಲಿಯ ಫಿರೋಜ್ ಶಾ ಕೋಟ್ಲಾದಲ್ಲಿ ರಣಜಿ ಪಂದ್ಯ. ಎದುರಾಳಿ ನಮ್ಮ ಕರ್ನಾಟಕ. 18 ವರ್ಷದ ವಿರಾಟ್ ಕೊಹ್ಲಿ ಹಿಂದಿನ ಸಂಜೆ ಔಟಾಗದೆ ಉಳಿದಿದ್ದರು, ರಾತ್ರಿ ತಂದೆ ತೀರಿಕೊಂಡರು. ಬೆಳಿಗ್ಗೆ ಮೈದಾನಕ್ಕೆ ಬಂದು 90 ರನ್ ಮಾಡಿದರು, ಆಮೇಲೆ ಅಂತ್ಯಕ್ರಿಯೆಗೆ ಹೋದರು. 2020ರ ನವೆಂಬರ್‌ನಲ್ಲಿ ಹೈದರಾಬಾದಿನ ಆಟೋ ಚಾಲಕ ಮೊಹಮ್ಮದ್ ಘೌಸ್ ತೀರಿಕೊಂಡಾಗ ಮಗ ಮೊಹಮ್ಮದ್ ಸಿರಾಜ್ ಆಸ್ಟ್ರೇಲಿಯಾದಲ್ಲಿದ್ದರು. ಕೊರೊನಾದ ಕ್ವಾರಂಟೈನ್ ನಿಯಮಗಳಿದ್ದ ಕಾಲ. ಹೋಗಲು ಅವಕಾಶ ಕೊಟ್ಟರೂ ಅಲ್ಲೇ ಉಳಿದರು, ಆ ಟೆಸ್ಟ್ ಸರಣಿಯಲ್ಲಿ 13 ವಿಕೆಟ್ ಪಡೆದರು.

ಒಬ್ಬರು ಮನೆಗೆ ಬಂದು ಮರಳಿದರು, ಒಬ್ಬರು ಕೆಲಸ ಮುಗಿಸಿ ಮನೆಗೆ ಹೋದರು, ಒಬ್ಬರಿಗೆ ಮಣ್ಣಿಗೂ ಬರಲಾಗಲಿಲ್ಲ. ಯಾರಿಗೆ ತಂದೆಯ ಮೇಲೆ ಪ್ರೀತಿ ಹೆಚ್ಚು ಎಂದು ಇದರಿಂದ ಅಳೆಯಲಾಗದು. ನಮ್ಮ ಸದಸ್ಯರ ವಿಷಯದಲ್ಲೂ ಹಾಗೆಯೇ. ಬಂದವರಿಗೆ ದುಃಖ ಕಡಿಮೆ ಎಂದಲ್ಲ, ಬಾರದವರು ಹೊಣೆಗೇಡಿಗಳೂ ಅಲ್ಲ.

ಸೂತಕದ ಮಾತು

“ಸೂತಕ ಇರುವಾಗ ವೇದಿಕೆ ಹತ್ತಬಹುದೇ?” ಎಂದು ಹಲವರು ಕೇಳುತ್ತಾರೆ. ನಮ್ಮ ಭಾಗದಲ್ಲಿ ಇದಕ್ಕೆ ಒಂದೇ ಉತ್ತರ ಇಲ್ಲ. ಬಸವಾದಿ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಒಪ್ಪಲಿಲ್ಲ. ಆ ದಾರಿಯಲ್ಲಿ ನಡೆಯುವ ಮನೆಗಳಲ್ಲಿ ಸೂತಕದ ತಡೆ ಇಲ್ಲ. ಬೇರೆ ಸಮುದಾಯಗಳಲ್ಲಿ ಹತ್ತು, ಹನ್ನೊಂದು, ಹದಿಮೂರು ದಿನಗಳ ಆಚರಣೆ ಇದೆ. ಮುಸ್ಲಿಂ ಬಂಧುಗಳಲ್ಲಿ ತಂದೆ-ತಾಯಿಗೆ ಮೂರು ದಿನಗಳ ಶೋಕ ಹೇಳಿದೆ.

ಸೂತಕವನ್ನು ಕಟ್ಟುನಿಟ್ಟಾಗಿ ಹೇಳುವ ಧರ್ಮಶಾಸ್ತ್ರಗಳಲ್ಲೂ ‘ಸದ್ಯಃಶೌಚ’ ಎಂಬ ಮಾತಿದೆ. ರಾಜಕಾರ್ಯದಲ್ಲಿರುವವರು, ವೈದ್ಯರು, ಕುಶಲಕರ್ಮಿಗಳು, ವ್ರತ ಹಿಡಿದವರು ಮೊದಲಾದವರಿಗೆ ಅವರವರ ಕೆಲಸದ ಮಟ್ಟಿಗೆ ಕೂಡಲೇ ಶುದ್ಧಿ ಎಂದು ಅಲ್ಲಿ ಹೇಳಿದೆ. ನಾಲ್ಕು ಜನರಿಗೆ ಬೇಕಾದ ಕೆಲಸ ನಿಲ್ಲಬಾರದು ಎಂಬ ತಿಳಿವಳಿಕೆ ಹಳೆಯದೇ. ಆದ್ದರಿಂದ ಸಂಘ ಈ ವಿಷಯದಲ್ಲಿ ತೀರ್ಪು ಕೊಡಬೇಕಿಲ್ಲ. ಆ ಮನೆಯವರು ಹೇಗೆ ಆಚರಿಸುತ್ತಾರೋ ಹಾಗೆ ಒಪ್ಪಿಕೊಳ್ಳುವುದೇ ಸರಿ.

ಸೊಲ್ಲಾಪುರದಲ್ಲಿ ಇನ್ನೊಂದು ಮಾತನ್ನೂ ಮರೆಯಬಾರದು. ಮನೆಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳು, ಚಾದರದ ಕಾರ್ಖಾನೆಯಲ್ಲಿ ಮಗ್ಗ ನಡೆಸುವವರು ನಮ್ಮ ಸದಸ್ಯರಲ್ಲಿದ್ದಾರೆ. ಕೈ ನಿಂತರೆ ಕೂಲಿ ನಿಂತಿತು. ಅವರು ನಾಲ್ಕನೆಯ ದಿನ ಕೆಲಸಕ್ಕೆ ಕೂತರೆ ಯಾರೂ ಹುಬ್ಬೇರಿಸುವುದು ಬೇಡ.

ಮಕ್ಕಳೇ ಮಾಡಬೇಕಾದ ಕೆಲಸ, ಬೇರೆಯವರು ಮಾಡಬಹುದಾದ ಕೆಲಸ

ತಂದೆ-ತಾಯಿ ತೀರಿದ ಮೊದಲ ವಾರ ತಲೆ ಓಡುವುದಿಲ್ಲ. ಆಗ ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಒಂದು ಬದಿಗೆ ಮಗನೋ ಮಗಳೋ ತಾನೇ ಮಾಡಬೇಕಾದ್ದು, ಇನ್ನೊಂದು ಬದಿಗೆ ಬೇರೆ ಯಾರಾದರೂ ಮಾಡಬಹುದಾದ್ದು.

ಮೊದಲ ಬದಿಗೆ ಬರುವವು: ಅಂತ್ಯಸಂಸ್ಕಾರ, ಉಳಿದ ತಂದೆಯ ಇಲ್ಲವೆ ತಾಯಿಯ ಹತ್ತಿರ ಕೂರುವುದು, ಮಾತಾಡಿಸಲು ಬಂದವರ ಎದುರು ಇರುವುದು, ಮತ್ತು ಸಹಿ ಬೇಕಾದ ಕಾಗದಪತ್ರ. ಈ ಕಾಗದಪತ್ರದಲ್ಲಿ ಮುಖ್ಯವಾದವು ಇವು.

ಮರಣ ನೋಂದಣಿ 21 ದಿನದೊಳಗೆ ಆಗಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡರೆ ಆಸ್ಪತ್ರೆಯವರೇ ತಿಳಿಸುತ್ತಾರೆ. ಮನೆಯಲ್ಲಾದರೆ ಮನೆಯವರು ಊರಿನ ಗ್ರಾಮಪಂಚಾಯತಿಗೆ, ಶಹರದಲ್ಲಿ ನಗರಪಾಲಿಕೆಗೆ ತಿಳಿಸಬೇಕು. 21 ದಿನ ದಾಟಿದರೆ ದಂಡ, 30 ದಿನ ದಾಟಿದರೆ ಮೇಲಧಿಕಾರಿಯ ಲಿಖಿತ ಪರವಾನಗಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ.

ಗಡಿಭಾಗದವರು ಹೆಸರಿನ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು. ಶಾಲೆಯ ದಾಖಲೆ ಕನ್ನಡದಲ್ಲಿ, ಉತಾರೆ ಮರಾಠಿಯಲ್ಲಿ, ಆಧಾರ್ ಇಂಗ್ಲಿಷಿನಲ್ಲಿ. ಮಲ್ಲಪ್ಪ ಒಂದು ಕಡೆ ಮಲ್ಲಾಪ್ಪಾ ಆಗಿರುತ್ತಾರೆ, ಇನ್ನೊಂದು ಕಡೆ ಮಲ್ಲಿಕಾರ್ಜುನ ಆಗಿರುತ್ತಾರೆ. ಅರ್ಜಿ ಕೊಡುವ ಮುಂಚೆ ಆಧಾರ್, ಬ್ಯಾಂಕ್ ಪಾಸ್‌ಬುಕ್, ಉತಾರೆ ಮೂರನ್ನೂ ಎದುರಿಗಿಟ್ಟುಕೊಂಡು ಹೆಸರು ನೋಡಿ. ದಾಖಲೆ ಬಂದ ಮೇಲೆ ತಿದ್ದಿಸುವುದು ಬಹಳ ಓಡಾಟ. ಹೊಲ ಇದ್ದವರು ವಾರಸುದಾರರ ಹೆಸರು ಹಚ್ಚಲು ಮೂರು ತಿಂಗಳೊಳಗೆ ತಲಾಠಿಗೆ ತಿಳಿಸಬೇಕು. ತೀರಿಕೊಂಡವರಿಗೆ ಪಿಂಚಣಿ ಬರುತ್ತಿದ್ದರೆ ಬ್ಯಾಂಕಿಗೆ ತಡಮಾಡದೆ ತಿಳಿಸಿ. ಹಾಗೆ ತಿಳಿಸದಿದ್ದರೆ ಖಾತೆಗೆ ಜಮೆಯಾದ ಹೆಚ್ಚಿನ ಹಣವನ್ನು ಆಮೇಲೆ ಹಿಂದಕ್ಕೆ ಕೊಡಬೇಕಾಗುತ್ತದೆ.

ಎರಡನೆಯ ಬದಿಗೆ ಬರುವವು: ಸಭಾಗೃಹ, ಮೈಕು, ಊಟದ ವ್ಯವಸ್ಥೆ, ಅತಿಥಿಗಳನ್ನು ಕರೆತರುವುದು, ನಿರೂಪಣೆ, ವಂದನಾರ್ಪಣೆ, ಜಮಾಖರ್ಚು. ಇಷ್ಟೂ ಬೇರೆಯವರು ಮಾಡಬಹುದಾದ ಕೆಲಸ. ಅವನ್ನು ಕೂಡಲೇ ಬೇರೆಯವರ ಕೈಗೆ ಕೊಡಬೇಕು, ಕೇಳುವ ತನಕ ಕಾಯಬಾರದು. ದುಃಖದಲ್ಲಿದ್ದವರಿಗೆ “ಏನಾದರೂ ಬೇಕಾದರ ಹೇಳ್ರಿ” ಎಂದರೆ ಅವರು ಏನೂ ಹೇಳುವುದಿಲ್ಲ. “ಊಟದ್ದು ನಾ ನೋಡಕೋತೀನಿ, ನೀವು ಆ ಕಡೆ ಲಕ್ಷ್ಯ ಹಾಕಬ್ಯಾಡ್ರಿ” ಎಂದರೆ ಒಂದು ಭಾರ ಇಳಿಯುತ್ತದೆ.

ಇಷ್ಟಾದ ಮೇಲೂ ಅವರು ತಾವಾಗಿ ಬಂದು ಹತ್ತು ನಿಮಿಷ ವೇದಿಕೆಯ ಮೇಲೆ ನಿಲ್ಲುತ್ತೇನೆ ಎಂದರೆ ಸಂತೋಷದಿಂದ ಬರಮಾಡಿಕೊಳ್ಳಿ. ಮೌನಾಚರಣೆ ಮಾಡಬೇಕೇ, ಹೆಸರು ಹೇಳಬೇಕೇ ಎಂಬುದನ್ನು ಮೊದಲೇ ಅವರನ್ನು ಕೇಳಿ. ಕೆಲವರಿಗೆ ಅದು ಸಮಾಧಾನ, ಕೆಲವರಿಗೆ ಎಲ್ಲರ ಮುಂದೆ ಕಣ್ಣೀರು ತಡೆಯುವ ಕಷ್ಟ.

ಕಾರ್ಯಕ್ರಮ ಮುಗಿದ ಮೇಲೆ

ಕೆಲಸದ ಗದ್ದಲದಲ್ಲಿ ದುಃಖ ಬದಿಗೆ ಸರಿದಿರುತ್ತದೆ, ಮುಗಿದಿರುವುದಿಲ್ಲ. ಗಾಂಧೀಜಿ ಬ್ಯಾರಿಸ್ಟರ್ ಆಗಿ 1891ರಲ್ಲಿ ಹಿಂದಿರುಗಿದಾಗಲೇ ತಾಯಿ ಇಲ್ಲದ ಸುದ್ದಿ ಅವರಿಗೆ ತಿಳಿದದ್ದು. ಅಣ್ಣ ಅಷ್ಟು ದಿನ ಮುಚ್ಚಿಟ್ಟಿದ್ದರು. ತಂದೆ ಹೋದಾಗಿನದಕ್ಕಿಂತ ಈ ದುಃಖ ದೊಡ್ಡದಾಗಿತ್ತು, ಆದರೂ ಅಳು ತಡೆದು ಏನೂ ಆಗದವರಂತೆ ದಿನಚರಿಗೆ ಹೊರಳಿದೆ ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಮೇಲ್ನೋಟಕ್ಕೆ ಶಾಂತವಾಗಿದ್ದವರ ಒಳಗೆ ಏನಿತ್ತೆಂದು ಎದುರಿಗಿದ್ದವರಿಗೆ ಗೊತ್ತಾಗಿರಲಾರದು.

ನನ್ನ ತಾಯಿ ಹೋದಾಗ ಪಗಾರ ಬಿಲ್ಲಿನ ವಾರ ಇತ್ತು. ನಾಲ್ಕನೆಯ ದಿನ ಆಫೀಸಿಗೆ ಹೋದೆ. ಪಕ್ಕದ ಟೇಬಲ್ಲಿನವರು ಮಾತಿಲ್ಲದೆ ನನ್ನ ಅರ್ಧ ರಜಿಸ್ಟರ್ ತಮ್ಮ ಕಡೆ ಎಳೆದುಕೊಂಡರು. ಆ ವಾರ ಸರಾಗವಾಗಿ ಕಳೆಯಿತು. ಕಷ್ಟವಾದದ್ದು ಎರಡು ತಿಂಗಳ ಮೇಲೆ, ಮಾತಾಡಿಸಲು ಬರುವವರು ನಿಂತ ಮೇಲೆ, ಸಂಜೆ ಮನೆಗೆ ಬಂದಾಗ “ಉಂಡೀಯೇನಪಾ” ಎಂದು ಕೇಳುವ ದನಿ ಇಲ್ಲದಾಗ.

ಬಹಳ ಜನರಿಗೆ ಹೀಗೆಯೇ ಆಗುತ್ತದೆ, ಕಾಲ ಕಳೆದಂತೆ ತಗ್ಗುತ್ತದೆ. ಆದರೆ ಆರು ತಿಂಗಳು, ವರ್ಷ ಕಳೆದರೂ ನಿದ್ದೆ, ಊಟ, ಕೆಲಸ ಯಾವುದೂ ದಾರಿಗೆ ಬರದಿದ್ದರೆ ವೈದ್ಯರನ್ನು ಕಾಣಬೇಕು. ತಗ್ಗದ ಶೋಕವನ್ನು ವಿಶ್ವ ಆರೋಗ್ಯ ಸಂಸ್ಥೆ ಈಗ ಚಿಕಿತ್ಸೆ ಬೇಕಾದ ತೊಂದರೆ ಎಂದೇ ಗುರುತಿಸಿದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಫೋನ್ ಮಾಡಬಹುದು. ಕನ್ನಡ, ಮರಾಠಿ ಎರಡರಲ್ಲೂ ಮಾತನಾಡಬಹುದು.

ಸಂಘ ಮಾಡಬೇಕಾದ್ದು

ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆಯಲ್ಲಿ ಏಳು ನಂದಿಧ್ವಜಗಳ ಮೆರವಣಿಗೆಯನ್ನು ನಾವೆಲ್ಲ ನೋಡಿದ್ದೇವೆ. ಎತ್ತರದ ಆ ಭಾರದ ಧ್ವಜವನ್ನು ಒಂದು ಹೊತ್ತಿಗೆ ಒಬ್ಬರೇ ಹಿಡಿದು ನಡೆಯುತ್ತಾರೆ. ಆದರೆ ಸುತ್ತ ಹತ್ತಾರು ಜನ ಸಿದ್ಧರಿರುತ್ತಾರೆ. ಹಿಡಿದವರು ದಣಿದರೆ ಇನ್ನೊಬ್ಬರು ತೆಗೆದುಕೊಳ್ಳುತ್ತಾರೆ, ಮೆರವಣಿಗೆ ಮುಂದೆ ಸಾಗುತ್ತದೆ. ನಮ್ಮ ಕಾರ್ಯಕ್ರಮಗಳಲ್ಲಿ ಹಿಡಿಯುವವರು ಇದ್ದಾರೆ, ಸುತ್ತ ಸಿದ್ಧ ನಿಂತವರು ಕಡಿಮೆ. ಒಬ್ಬರ ಫೋನಿನಲ್ಲೇ ಎಲ್ಲ ನಂಬರು, ಒಬ್ಬರ ಚೀಲದಲ್ಲೇ ಎಲ್ಲ ರಸೀದಿ. ಅವರ ಮನೆಯಲ್ಲಿ ಸಾವಾದಾಗ ಅಳುವ ಹೊತ್ತಿನಲ್ಲೂ ಅವರಿಗೆ ಫೋನ್ ಹೋಗುವುದು ಇದರಿಂದಲೇ.

ಆದ್ದರಿಂದ ಎಲ್ಲ ಊರಿನ ಘಟಕಗಳಿಗೆ ಮೂರು ವಿನಂತಿಗಳು. ಪ್ರತಿ ಕಾರ್ಯಕ್ರಮದ ಪ್ರತಿ ಹೊಣೆಗೂ ಎರಡು ಹೆಸರು ಬರೆಯಿರಿ. ಅತಿಥಿಗಳ ನಂಬರು, ಮುಂಗಡದ ರಸೀದಿ, ಮಕ್ಕಳ ಯಾದಿ ಇಬ್ಬರ ಬಳಿಯೂ ಇರಲಿ. ಪದಾಧಿಕಾರಿಗಳ ಮನೆಯಲ್ಲಿ ಸಾವಾದರೆ ಹದಿನೈದು ದಿನ ಸಂಘದ ಯಾವ ಕೆಲಸಕ್ಕೂ ಅವರಿಗೆ ಫೋನ್ ಮಾಡಬೇಡಿ, ಎರಡನೆಯ ಹೆಸರಿನವರಿಗೆ ಮಾಡಿ. ಮತ್ತು ಎರಡು ತಿಂಗಳು ಕಳೆದ ಮೇಲೆ ಇಬ್ಬರು ಹೋಗಿ ಅವರನ್ನು ಒಮ್ಮೆ ಮಾತಾಡಿಸಿ ಬನ್ನಿ. ಮೊದಲ ವಾರ ಮನೆ ತುಂಬ ಜನ ಇರುತ್ತಾರೆ, ಆಗ ಯಾರೂ ಇರುವುದಿಲ್ಲ.

ಮುಂದಿನ ಕಾರ್ಯಕ್ರಮದ ಯಾದಿ ಕಳಿಸುವಾಗ ಎರಡನೆಯ ಹೆಸರಿನ ಕಾಲಂ ಸೇರಿಸಿ ಕಳಿಸಬೇಕಾಗಿ ಎಲ್ಲ ಘಟಕಗಳ ಪ್ರಮುಖರಲ್ಲಿ ಕೋರುತ್ತೇನೆ.

— ಕಾರ್ಯದರ್ಶಿ