ಗಣಕ ಎಂಬ ಶಬ್ದ

ನಾನು ಕನ್ನಡದ ನಿವೃತ್ತ ಅಧ್ಯಾಪಕ. ಯಂತ್ರದ ಮರ್ಮ ತಿಳಿಯದಿದ್ದರೂ ಶಬ್ದದ ಮರ್ಮವನ್ನು ಅಷ್ಟಿಷ್ಟು ಬಲ್ಲೆ. ‘ಗಣಕ’ ಎಂದರೆ ಮೂಲತಃ ಯಂತ್ರವಲ್ಲ, ಲೆಕ್ಕ ಹಾಕುವ ವ್ಯಕ್ತಿ. ಇಂಗ್ಲಿಷಿನ ‘ಕಂಪ್ಯೂಟರ್’ ಶಬ್ದವೂ ಹಾಗೆಯೇ. 1946ರಲ್ಲಿ ಲೋಕಕ್ಕೆ ಪರಿಚಯವಾದ ಅಮೆರಿಕದ ‘ಎನಿಯಾಕ್’ ಯಂತ್ರವನ್ನು ಲೆಕ್ಕಕ್ಕೆ ಅಣಿಗೊಳಿಸಿದ ಮೊದಲ ಆರು ಮಂದಿ, ಅಂಥ ಲೆಕ್ಕಿಗರಾಗಿದ್ದ ಸ್ತ್ರೀಯರೇ.

ನಮ್ಮಲ್ಲಿಯೂ, ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ ರಾಜೇಶ್ವರಿ ಚಟರ್ಜಿಯವರು 1943ರಲ್ಲಿ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿ, ಮುಂದೆ ಅಲ್ಲಿಯೇ ಇಂಜಿನಿಯರಿಂಗ್ ಪ್ರಾಧ್ಯಾಪಕರಾದರು. ಅವರ ಅಜ್ಜಿ ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ಅಜ್ಜಿ ತೆರೆದ ಬಾಗಿಲಿನಿಂದ ಮೊಮ್ಮಗಳು ನಡೆದರು.

ಹೆಣ್ಣು ಗಂಡೆಂಬ ಎರಡೆಣಿಕೆಗೆ ಒಳಪಡದವರಿಗೆ ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಮನ್ನಣೆ ನೀಡಿತು. ತರಗತಿಯಲ್ಲಿ ಜಾಗ ಕೊಡಬೇಕಾದವರು ನಾವು. ಬಸವನಗುಡಿ, ಮಲ್ಲೇಶ್ವರಗಳ ತಾಯಿತಂದೆಯರೆ, ಮದುವೆಯ ಲೆಕ್ಕವನ್ನು ಮುಂದಿಡುವ ಮುನ್ನ, ಮಗುವಿಗೆ ಒಲಿದ ಲೆಕ್ಕವನ್ನು ಮುಗಿಸಲು ಬಿಡಿ.