ಹಾಡಿನ ಮರೆಯಿಂದ ಹೊರಬಂದ ಹಿನ್ನೆಲೆ ಸಂಗೀತ

ಕನ್ನಡ ಚಿತ್ರಸಂಗೀತವನ್ನು ಕುರಿತ ಬರಹಗಳು ಬಹುಮಟ್ಟಿಗೆ ಹಾಡುಗಳ ಚರಿತ್ರೆಯೇ ಆಗಿದ್ದು, ಮಾತಿನ ಅಡಿಯಲ್ಲಿ, ಮೌನದ ನಡುವೆ, ಒಂದು ದೃಶ್ಯದಿಂದ ಇನ್ನೊಂದಕ್ಕೆ ದಾಟುವ ಹೊತ್ತಿನಲ್ಲಿ ಕೇಳಿಬರುವ ಹಿನ್ನೆಲೆ ಸಂಗೀತಕ್ಕೆ ಅವುಗಳಲ್ಲಿ ಒಂದೆರಡು ಸಾಲಿನ ಮೆಚ್ಚುಗೆಯಷ್ಟೇ ದೊರೆತಿದೆ. ಆದರೆ ಸಿನಿಮಾ ಮುಗಿದ ಮೇಲೂ ಪ್ರೇಕ್ಷಕನನ್ನು ಬಿಡದೆ ಕಾಡುವುದು ಎಷ್ಟೋ ಸಲ ಈ ಹೆಸರಿಲ್ಲದ ಸಂಗೀತವೇ. ಕನ್ನಡದಲ್ಲಿ ಅದು ತನ್ನ ಕಾಲ ಮೇಲೆ ನಿಂತದ್ದು ಹಾಡುಗಳನ್ನು ಬದಿಗಿರಿಸಿದ ಚಿತ್ರಗಳಲ್ಲಿ ಎಂಬುದನ್ನು ಗಮನಿಸಿದರೆ, ಈ ಕಲೆಯ ಬೆಳವಣಿಗೆಯ ದಾರಿ ಸ್ಪಷ್ಟವಾಗುತ್ತದೆ.

1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದಲ್ಲಿ ನಟಿಸಿ ಅದರ ಸಂಗೀತದ ಹೊಣೆಯನ್ನೂ ಹೊತ್ತ ಆರ್. ನಾಗೇಂದ್ರರಾಯರು ವೃತ್ತಿರಂಗಭೂಮಿಯಿಂದ ಬಂದವರಾಗಿದ್ದರು. ನಾಟಕ ಕಂಪನಿಗಳಲ್ಲಿ ಪಾತ್ರದ ಪ್ರವೇಶಕ್ಕೂ ದುಃಖದ ಸನ್ನಿವೇಶಕ್ಕೂ ಹಾರ್ಮೋನಿಯಂ ತಬಲಾಗಳೇ ಆಧಾರವಾಗಿದ್ದು, ಭಾವದ ತುದಿ ಮುಟ್ಟಿದೊಡನೆ ರಂಗಗೀತೆಯೊಂದು ಮೊದಲಾಗುತ್ತಿತ್ತು. ಸಿನಿಮಾ ಈ ಪದ್ಧತಿಯನ್ನು ಇಡಿಯಾಗಿ ಸ್ವೀಕರಿಸಿದ್ದರಿಂದ ವಾದ್ಯಗಳಿಗೆ ಹಾಡಿನ ಹಿಂದಿನ ಮತ್ತು ಮುಂದಿನ ಬಿಡುವನ್ನು ತುಂಬುವ ಕೆಲಸವಷ್ಟೇ ಉಳಿಯಿತು.

ಮದ್ರಾಸಿನ ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರಗಳು ತಯಾರಾಗುತ್ತಿದ್ದ ದಶಕಗಳಲ್ಲಿ ಈ ಕೆಲಸಕ್ಕೆ ‘ರೀರೆಕಾರ್ಡಿಂಗ್’ ಎಂಬ ಹೆಸರು ರೂಢಿಗೆ ಬಂದಿತು. ಸಂಕಲನ ಮುಗಿದ ಚಿತ್ರವನ್ನು ಧ್ವನಿಮುದ್ರಣ ಮಂದಿರದ ಪರದೆಯ ಮೇಲೆ ಒಂದೊಂದೇ ರೀಲಿನಂತೆ ಓಡಿಸಿ, ಎಲ್ಲಿ ಸಂಗೀತ ಬೇಕು, ಎಷ್ಟು ಸೆಕೆಂಡು ಬೇಕು ಎಂಬುದನ್ನು ಗುರುತಿಸಿಕೊಂಡು, ಮತ್ತೆ ಅದೇ ದೃಶ್ಯಕ್ಕೆ ಹೊಂದುವಂತೆ ವಾದ್ಯವೃಂದದಿಂದ ನುಡಿಸಿ ಮುದ್ರಿಸುವ ಕ್ರಮವಿದು. 1000 ಅಡಿಯ ಒಂದು ರೀಲು ಸುಮಾರು 11 ನಿಮಿಷ ಓಡುತ್ತದೆ. ನಿರ್ಮಾಣದ ಕೊನೆಯ ಹಂತದಲ್ಲಿ, ಹಣವೂ ಸಮಯವೂ ತೀರುತ್ತಿರುವಾಗ, ಇಂಥ ಹಲವು ರೀಲುಗಳನ್ನು ಮುಗಿಸಬೇಕಾಗುತ್ತಿದ್ದುದರಿಂದ ಹಾಡಿನ ಧಾಟಿಯನ್ನೇ ಕೊಳಲಿನಲ್ಲೋ ವಯಲಿನ್‌ಗಳಲ್ಲೋ ಮರುಕಳಿಸುವುದು ಸುಲಭದ ದಾರಿಯಾಯಿತು. ಈ ದಾರಿ ಸುಲಭವಾದುದೆಂದ ಮಾತ್ರಕ್ಕೆ ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ಗಳ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶರ ಬಳಿ ಸಹಾಯಕರಾಗಿ ದುಡಿದು ಪಳಗಿದವರಲ್ಲಿ ಇಳಯರಾಜ ಒಬ್ಬರು; ಮಣಿರತ್ನಂ ಅವರ ಮೊದಲ ಚಿತ್ರವಾದ ‘ಪಲ್ಲವಿ ಅನುಪಲ್ಲವಿ’ಯಲ್ಲಿ (1983) ಇಳಯರಾಜ ಹೆಣೆದ ಸಂಗೀತದ ಎಳೆಯೊಂದು ಎಷ್ಟು ಗಟ್ಟಿಯಾಗಿತ್ತೆಂದರೆ, ವರ್ಷಗಳ ತರುವಾಯ ಮೊಬೈಲ್ ಸೇವೆಯೊಂದರ ಜಾಹೀರಾತಿನ ಧುನ್ ಆಗಿ ಚಿತ್ರವನ್ನೇ ನೋಡದ ಪೀಳಿಗೆಯ ಬಾಯಲ್ಲೂ ಅದು ಉಳಿಯಿತು.

ಹಿನ್ನೆಲೆ ಸಂಗೀತದ ಕುರಿತ ನಿಜವಾದ ಪ್ರಶ್ನೆಯನ್ನು ಎತ್ತಿದ್ದು ಮಾತ್ರ 1970ರ ‘ಸಂಸ್ಕಾರ’. ಪಟ್ಟಾಭಿರಾಮ ರೆಡ್ಡಿಯವರ ಈ ಚಿತ್ರದಲ್ಲಿ ಆಸರೆಗೆ ಹಾಡುಗಳಿರಲಿಲ್ಲ; ಸಂಗೀತವನ್ನು ವಹಿಸಿಕೊಂಡ ರಾಜೀವ ತಾರಾನಾಥರು ಚಿತ್ರೋದ್ಯಮದವರಾಗಿರದೆ, ಅಲಿ ಅಕ್ಬರ್ ಖಾನರ ಶಿಷ್ಯರಾದ ಸರೋದ್ ವಾದಕರೂ ಇಂಗ್ಲಿಷ್ ಅಧ್ಯಾಪಕರೂ ಆಗಿದ್ದರು. ಹೆಣವೊಂದು ಸಂಸ್ಕಾರವಿಲ್ಲದೆ ಅಗ್ರಹಾರದಲ್ಲಿ ಕೊಳೆಯುತ್ತಿರುವ ಕಥೆಯಲ್ಲಿ ಕರುಣೆಯನ್ನೋ ಭಯವನ್ನೋ ಸಂಗೀತವೇ ಮುಂದಾಗಿ ಸಾರಿಬಿಟ್ಟರೆ ಕಥಾನಾಯಕ ಪ್ರಾಣೇಶಾಚಾರ್ಯರ ಒಳಗಿನ ಗೊಂದಲಕ್ಕೆ ಎಡೆಯೇ ಉಳಿಯುವುದಿಲ್ಲವಾದ್ದರಿಂದ, ಎಲ್ಲಿ ನುಡಿಸಬಾರದು ಎಂಬ ನಿರ್ಧಾರ ಎಲ್ಲಿ ನುಡಿಸಬೇಕು ಎಂಬುದರಷ್ಟೇ ಮುಖ್ಯವಾಗುತ್ತದೆ. ರೀಲಿನ ಉದ್ದಕ್ಕೂ ವಾದ್ಯ ತುಂಬುವ ರೂಢಿಗೆ ಈ ಮಿತವ್ಯಯ ಹೊರತಾಗಿತ್ತು.

ಈ ವಿವೇಕವನ್ನು ಬೇರೊಂದು ದಿಕ್ಕಿಗೆ, ಬಹುಶಃ ಇನ್ನೂ ದೂರಕ್ಕೆ, ಕೊಂಡೊಯ್ದವರು ಬಿ.ವಿ. ಕಾರಂತರು. ದಕ್ಷಿಣ ಕನ್ನಡದ ಮಂಚಿಯಲ್ಲಿ 1929ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಗುಬ್ಬಿ ನಾಟಕ ಕಂಪನಿ ಸೇರಿ, ಮುಂದೆ ಕಾಶಿಯಲ್ಲಿ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತ ಕಲಿತ ಅವರಿಗೆ ಕಂಪನಿ ನಾಟಕದ ಅಬ್ಬರವೂ ರಾಗದ ಶಿಸ್ತೂ ಒಟ್ಟಿಗೆ ಒದಗಿದ್ದವು; ಆದರೂ ಅವರ ರಂಗಸಂಗೀತದ ವಿಶೇಷವಿರುವುದು ಸ್ವರಕ್ಕಿರುವಷ್ಟೇ ಮಾನ್ಯತೆಯನ್ನು ಸದ್ದಿಗೂ ಕೊಟ್ಟದ್ದರಲ್ಲಿ. ಮನುಷ್ಯರ ಉಸಿರು, ಕೂಗು, ಕೈಗೆ ಸಿಕ್ಕ ವಸ್ತುಗಳ ಬಡಿತ ಎಲ್ಲವೂ ಅವರಿಗೆ ವಾದ್ಯಗಳೇ. 1975ರ ‘ಚೋಮನ ದುಡಿ’ಯನ್ನು ನಿರ್ದೇಶಿಸಿ ಸಂಗೀತವನ್ನೂ ನೀಡಿದಾಗ ಈ ನಿಲುವು ಸಿನಿಮಾಕ್ಕೆ ಹೇಗೆ ಒದಗಬಲ್ಲದೆಂಬುದು ಗೊತ್ತಾಯಿತು. ಸಿನಿಮಾದ ಸಂಗೀತದಲ್ಲಿ ಎರಡು ಬಗೆಯಿದ್ದು, ಪಾತ್ರಗಳಿಗೆ ಕೇಳಿಸದೆ ಪ್ರೇಕ್ಷಕರಿಗಷ್ಟೇ ಕೇಳುವುದು ಒಂದಾದರೆ, ಕಥೆಯ ಲೋಕದೊಳಗೇ ಹುಟ್ಟಿ ಪಾತ್ರಗಳಿಗೂ ಕೇಳಿಸುವುದು ಇನ್ನೊಂದು. ಕಥಾನಾಯಕ ಚೋಮ ಬಾರಿಸುವ ದುಡಿ ಈ ಎರಡನೆಯ ಬಗೆಯದು. ಸ್ವಂತ ಬೇಸಾಯದ ಆಸೆ ಜಾತಿಯ ಕಾರಣಕ್ಕೆ ಕೈಗೂಡದ ಜೀತದಾಳೊಬ್ಬ ತನ್ನ ಸಿಟ್ಟನ್ನೂ ಅಳಲನ್ನೂ ಹೊರಹಾಕಲು ಬಳಸುವ ಚರ್ಮವಾದ್ಯವೇ ಚಿತ್ರದ ನಾಡಿಯೂ ಆಗುವುದರಿಂದ, ಹೊರಗಿನಿಂದ ಭಾವವನ್ನು ತಂದು ಅಂಟಿಸುವ ಅಗತ್ಯವೇ ಬೀಳುವುದಿಲ್ಲ. ಕೊನೆಯಲ್ಲಿ ಗುಡಿಸಲಿನ ಬಾಗಿಲು ಮುಚ್ಚಿಕೊಂಡು ಚೋಮ ಸಾಯುವ ತನಕ ಬಾರಿಸುವ ದುಡಿ ಕನ್ನಡ ಚಿತ್ರಗಳ ಹಿನ್ನೆಲೆ ಸಂಗೀತದಲ್ಲಿ ಎಲ್ಲಕ್ಕಿಂತ ಮರೆಯಲಾಗದ ಭಾಗವೆಂದರೆ ಅತಿಶಯೋಕ್ತಿಯಲ್ಲ. ಮುಂದೆ ‘ಋಷ್ಯಶೃಂಗ’ ಮತ್ತು ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಗಳಿಗಾಗಿ 1976 ಮತ್ತು 1977ರ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿಗಳು ಕಾರಂತರಿಗೇ ಸಂದವು, ಹಾಡಿಗೂ ಹಿನ್ನೆಲೆಗೂ ಸೇರಿ ಒಂದೇ ಪ್ರಶಸ್ತಿಯಿದ್ದ ಕಾಲವದು ಎಂಬುದನ್ನು ನೆನೆದರೆ ಈ ಗೌರವದ ತೂಕ ತಿಳಿಯುತ್ತದೆ.

ಇದೇ ಕಾಲದಲ್ಲೂ ಆನಂತರವೂ ಕನ್ನಡದ ಸಂಗೀತಗಾರರನ್ನು ಮಲಯಾಳದ ಹೊಸ ಅಲೆಯ ನಿರ್ದೇಶಕರು ಹುಡುಕಿಕೊಂಡದ್ದು ಇಲ್ಲಿ ಹೆಚ್ಚಾಗಿ ಪ್ರಸ್ತಾಪವಾಗದ ಸಂಗತಿ. ಅರವಿಂದನ್ ಅವರ ‘ಕಾಂಚನ ಸೀತಾ’ಕ್ಕೆ (1977) ಸಂಗೀತ ನೀಡಿದವರು ರಾಜೀವ ತಾರಾನಾಥರು. ‘ನಾಗರಹಾವು’ ಮೊದಲಾದ ಪುಟ್ಟಣ್ಣ ಕಣಗಾಲರ ಚಿತ್ರಗಳ ಹಾಡುಗಳಿಂದ ಮನೆಮಾತಾದ ವಿಜಯಭಾಸ್ಕರ್ ಅಡೂರ್ ಗೋಪಾಲಕೃಷ್ಣನ್ ಅವರ ‘ಮದಿಲುಗಳ್’, ‘ವಿಧೇಯನ್’, ‘ಕಥಾಪುರುಷನ್’ ಚಿತ್ರಗಳಿಗೆ ಹಿನ್ನೆಲೆ ಸಂಗೀತ ರಚಿಸಿದರು. ಜೈಲಿನ ಗೋಡೆಯಾಚೆಯ ಹೆಣ್ಣನ್ನು ಒಮ್ಮೆಯೂ ತೋರಿಸದೆ ಅವಳ ದನಿಯನ್ನಷ್ಟೇ ಕೇಳಿಸುವ ‘ಮದಿಲುಗಳ್’ನಂಥ ಚಿತ್ರಕ್ಕೆ, ಜನಪ್ರಿಯ ಧಾಟಿಗಳ ಸರದಾರರೊಬ್ಬರು ಒದಗಿಬಂದರೆಂಬುದು ಹಾಡಿನ ಪ್ರತಿಭೆ ಬೇರೆ, ಹಿನ್ನೆಲೆಯ ಪ್ರತಿಭೆ ಬೇರೆ ಎಂಬ ಸರಳ ವಿಭಜನೆಯನ್ನು ಸಡಿಲಗೊಳಿಸುತ್ತದೆ.

ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಶೀರ್ಷಿಕೆ ಸಂಗೀತದಿಂದ ದೇಶಕ್ಕೆಲ್ಲ ಪರಿಚಿತರಾದ ಎಲ್. ವೈದ್ಯನಾಥನ್ ಅವರ ದೊಡ್ಡ ಪರೀಕ್ಷೆ ನಡೆದದ್ದು 1987ರ ‘ಪುಷ್ಪಕ ವಿಮಾನ’ದಲ್ಲಿ. ಶೃಂಗಾರ್ ನಾಗರಾಜ್ ನಿರ್ಮಿಸಿ, ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶಿಸಿ, ಬೆಂಗಳೂರಿನಲ್ಲಿ ಚಿತ್ರೀಕರಿಸಿದ ಈ ಚಿತ್ರದಲ್ಲಿ ಸಂಭಾಷಣೆಯೇ ಇಲ್ಲವಾದುದರಿಂದ, ಮಾತಿನ ಅಡಿಯಲ್ಲಿ ಅಡಗಿಕೊಳ್ಳುವ ಅನುಕೂಲ ಸಂಗೀತಕ್ಕೆ ತಪ್ಪಿಹೋಯಿತು. ಮಾತಿಲ್ಲದ ಜಾಗವನ್ನೆಲ್ಲ ವಾದ್ಯಗಳಿಂದ ತುಂಬಿದ್ದರೆ ಚಿತ್ರ ಹಳೆಯ ಮೂಕಿಚಿತ್ರದ ಅನುಕರಣೆಯಾಗಿ ಬಿಡುತ್ತಿತ್ತು. ಇಲ್ಲಿ ಬೀದಿಯ ಗದ್ದಲ, ಬಾಗಿಲಿನ ಸದ್ದುಗಳಿಗೂ ಅವುಗಳ ಪಾಲು ದೊರೆತಿದೆ. ಸಿನಿಮಾ ಮಂದಿರದ ಗಲಾಟೆಗೆ ಒಗ್ಗಿದ ನಾಯಕ ಐಷಾರಾಮಿ ಹೋಟೆಲಿನಲ್ಲಿ ನಿದ್ದೆ ಬಾರದೆ, ಆ ಗಲಾಟೆಯನ್ನು ಟೇಪಿನಲ್ಲಿ ಹಿಡಿದು ತಂದು ಕೇಳುತ್ತ ಮಲಗುವ ಪ್ರಸಂಗದಲ್ಲಿ ಸದ್ದೇ ಕಥೆಯಾಗುತ್ತದೆ.

ಅದೇ ವರ್ಷ ಬಂದ ‘ಪ್ರೇಮಲೋಕ’ದ ಅಪಾರ ಯಶಸ್ಸಿನೊಂದಿಗೆ ಸಂಗೀತ ನಿರ್ದೇಶಕ ಹಂಸಲೇಖರ ಯುಗ ಆರಂಭವಾಗಿ, ಹಾಡು ಮತ್ತೆ ಮುನ್ನೆಲೆಗೆ ಬಂದಿತು. ಇತ್ತೀಚಿನ ವರ್ಷಗಳಲ್ಲಿ ಹಿನ್ನೆಲೆ ಸಂಗೀತ ಗಾತ್ರದಲ್ಲಿ ಹಿಗ್ಗಿದೆ, ಸಂಯಮದಲ್ಲಿ ಕುಗ್ಗಿದೆ. ನಾಯಕ ನಡೆದು ಬಂದರೂ ಸಾಕು, ಪ್ರೇಕ್ಷಕನ ಕಿವಿ ತುಂಬುವಷ್ಟು ಡ್ರಮ್ಮುಗಳು ಮೊಳಗುತ್ತವೆ. ಅಜನೀಶ್ ಲೋಕನಾಥ್ ಸಂಗೀತ ನೀಡಿದ ‘ಕಾಂತಾರ’ದಲ್ಲೂ (2022) ಅಬ್ಬರಕ್ಕೆ ಕೊರತೆಯಿಲ್ಲ, ಆದರೆ ಅದರಲ್ಲಿ ಜನರ ನೆನಪಿನಲ್ಲಿ ಉಳಿದದ್ದು ಮನುಷ್ಯಕಂಠದಿಂದ ಹೊರಟ ದೈವದ ಕೂಗು ಎಂಬುದು ಕಾರಂತರ ದಾರಿ ಇನ್ನೂ ಮುಚ್ಚಿಲ್ಲವೆಂಬುದಕ್ಕೆ ಸಾಕ್ಷಿ.

2009ರ ಚಿತ್ರಗಳಿಂದೀಚೆಗೆ ರಾಷ್ಟ್ರಪ್ರಶಸ್ತಿಯಲ್ಲಿ ಹಿನ್ನೆಲೆ ಸಂಗೀತಕ್ಕೆ ಪ್ರತ್ಯೇಕ ಸ್ಥಾನ ದೊರೆತು, ಆ ವರ್ಷದ ಪ್ರಶಸ್ತಿ ಮಲಯಾಳದ ‘ಪಳಸ್ಸಿ ರಾಜಾ’ ಚಿತ್ರಕ್ಕಾಗಿ ಇಳಯರಾಜರ ಪಾಲಾಯಿತು. ಕನ್ನಡದ ಹಳೆಯ ಚಿತ್ರಗಳ ಮಟ್ಟಿಗೆ ಮಾತ್ರ, ಹಾಡುಗಳು ಬಗೆಬಗೆಯ ರೂಪದಲ್ಲಿ ಮತ್ತೆ ಮತ್ತೆ ಮಾರುಕಟ್ಟೆಗೆ ಬಂದರೂ ಹಿನ್ನೆಲೆ ಸಂಗೀತ ಸಂಭಾಷಣೆಯೊಂದಿಗೆ ಬೆರೆತ ಒಂದೇ ಧ್ವನಿಪಟ್ಟಿಯಲ್ಲಿ ಬಹುತೇಕ ಸಿಕ್ಕಿಕೊಂಡಿದೆ. ಚಲನಚಿತ್ರ ಅಕಾಡೆಮಿಯಾಗಲಿ ಹಕ್ಕುದಾರರಾಗಲಿ ಉಳಿದಿರುವ ಸಂಗೀತದ ಟೇಪುಗಳನ್ನು ಹುಡುಕಿಸಿ, ಶುದ್ಧಗೊಳಿಸಿ, ಸಂಗೀತಗಾರರ ಹೆಸರಿನೊಂದಿಗೆ ಪ್ರತ್ಯೇಕವಾಗಿ ಹೊರತರಬೇಕು. ಆ ಕೆಲಸವನ್ನು ‘ಸಂಸ್ಕಾರ’ ಮತ್ತು ‘ಚೋಮನ ದುಡಿ’ಗಳಿಂದಲೇ ಆರಂಭಿಸುವುದು ಉಚಿತ.